ನಾಲ್ಕು ತಾಲೂಕಿನ ಪುರುಷರತ್ನ

ನನಗೆ ನೆಲ ನೋಡಿಕೊಂಡು ನಡೆಯುವ ಚಟವಿದೆ. ಸರ್ವೆ ಇಲಾಖೆಯ ನೌಕರನಿಗೆ ಇದು ಒಳ್ಳೆಯ ಚಟವೇ ಎಂದು ನೀವು ಅಂದುಕೊಳ್ಳಬಹುದು. ಹಾಗೇನಿಲ್ಲ. ಸರ್ವೆಯವನು ನೋಡಬೇಕಾದದ್ದು ದೂರದಲ್ಲಿ ನಿಲ್ಲಿಸಿದ ಕೋಲನ್ನು, ಬದುವಿನ ಕಲ್ಲನ್ನು, ಮತ್ತು ಆ ಕಲ್ಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಏನೂ ಗೊತ್ತಿಲ್ಲದಂತೆ ನಿಂತವನ ಮುಖವನ್ನು. ನಾನು ಮಾತ್ರ ಹೊಲದ ದಂಡೆ ಹತ್ತಿದ ಕೂಡಲೇ ತಲೆ ತಗ್ಗಿಸುತ್ತೇನೆ. ಮೊನ್ನೆ ಸವದತ್ತಿ ಕಡೆಯ, ಜಲ್ಲಿಕಲ್ಲು ಬೆರೆತ ಒಂದು ಗರಸು ನೆಲದಲ್ಲಿ ಹೀಗೇ ಹೋಗುತ್ತಿದ್ದಾಗ, ಹೊಸದಾಗಿ ನಮ್ಮ ಕಚೇರಿಗೆ ಬಂದಿರುವ ಸರ್ವೆಯರ್ ಮೇಡಂ ನನ್ನನ್ನು ಸ್ವಲ್ಪ ಹೊತ್ತು ಗಮನಿಸಿ, "ಸರ್, ಏನರ ಕಳದೈತೇನ್ರಿ?" ಎಂದು ಕೇಳಿದರು.

"ಇಲ್ಲರಿ, ಸಿಕ್ಕೈತಿ," ಎಂದೆ.

ಅವರು ಬಗ್ಗಿ ನೋಡಿದರು. ಒಂದು ಗಿಡ ಕಂಡಿತು. ಇದರ ಹೆಸರೇನು ಎಂದು ಕೇಳಿದರು. ಪುರುಷರತ್ನ ಎಂದೆ. ಒಳ್ಳೆಯ ಮನೆಯ ಹೆಣ್ಣುಮಗಳು, ನನ್ನೆದುರು ನಗಲಿಲ್ಲ. ಯಂತ್ರದ ಹಿಂದೆ ಹೋಗಿ ನಕ್ಕರು. ಯಂತ್ರ ಅಲುಗಾಡಿ, ಆ ಅಳತೆಯನ್ನು ಮತ್ತೊಮ್ಮೆ ತೆಗೆಯಬೇಕಾಯಿತು.

ಈ ಗಿಡವನ್ನು ನೀವೂ ನೋಡಿರುತ್ತೀರಿ, ನೋಡಿದ್ದು ಗೊತ್ತಿರುವುದಿಲ್ಲ ಅಷ್ಟೇ. ಗೇಣುದ್ದ ಇರುತ್ತದೆ, ಕೆಲವು ಸಲ ಅಷ್ಟೂ ಇರುವುದಿಲ್ಲ. ಎಲೆ ಸಣ್ಣಗೆ, ಉದ್ದಕ್ಕೆ. ಮುಂಗಾರು ಹಿಡಿದ ಮೇಲೆ ಏಳುತ್ತದೆ, ದೀಪಾವಳಿ ಕಳೆದರೂ ಅಲ್ಲಲ್ಲಿ ಉಳಿದಿರುತ್ತದೆ. ಎಲೆಯ ಬುಡದಿಂದ ದಾರದಂಥ ತೊಟ್ಟು ಹೊರಟು, ಅದರ ತುದಿಗೆ ಒಂದೇ ಒಂದು ಹೂವು. ಹೂವಿಗೆ ಐದು ಎಸಳು. ಅದರಲ್ಲಿ ನಾಲ್ಕು ಹೆಸರಿಗೆ ಮಾತ್ರ ಇವೆ. ಐದನೆಯದೊಂದೇ ಸಲಿಕೆಯ ಹಾಗೆ ಅಗಲವಾಗಿ ಕೆಳಗೆ ಇಳಿದಿರುತ್ತದೆ, ತಿಳಿ ನೇರಳೆ ಬಣ್ಣದಲ್ಲಿ. ಕೂಡು ಕುಟುಂಬದಲ್ಲಿ ದುಡಿಯುವವನು ಒಬ್ಬನೇ ಇದ್ದರೆ ಹೇಗೋ ಹಾಗೆ.

ನನ್ನ ಹೆಂಡತಿ ಶೈಲಾ ಬೈಲಹೊಂಗಲದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಮದುವೆಯಾದ ಹೊಸತರಲ್ಲಿ ಅವಳೇ ನನಗೆ ಹೇಳಿದ್ದು: "ಇದು ವಯೊಲೆಟ್ ಕುಟುಂಬದ್ದು ರೀ. ನಮ್ಮ ಕಡೆ ಬಿಸಲಿಗೆ ಬಂದು ಹಿಂಗಾಗೈತಿ." ವಯೊಲೆಟ್ ಎಂದರೆ ನಾನು ಚಿಕ್ಕವನಿದ್ದಾಗ ಹೊಸ ವರ್ಷದ ಶುಭಾಶಯ ಪತ್ರಗಳ ಮೇಲೆ ಮಾತ್ರ ನೋಡಿದ ಹೂವು. ಹಿಮ, ಹಸಿರು, ಒಂದು ಬುಟ್ಟಿ, ಬುಟ್ಟಿಯಲ್ಲಿ ನೇರಳೆ ಹೂವು, ಪಕ್ಕದಲ್ಲಿ ಬೆಕ್ಕಿನ ಮರಿ. ಅದರ ಸಂಬಂಧಿಕರು ನಮ್ಮ ರಾಮದುರ್ಗ ತಾಲೂಕಿನ ಬಿಸಿಲಿನಲ್ಲಿ, ಆಡಿನ ಕಾಲ ಕೆಳಗೆ ಬದುಕುತ್ತಿದ್ದಾರೆಂದು ಆ ಪತ್ರ ಅಚ್ಚು ಹಾಕಿದವನಿಗೂ ಗೊತ್ತಿರಲಿಕ್ಕಿಲ್ಲ.

ನಾನು ಹುಟ್ಟಿದ್ದು ತೊರಗಲ್ಲಿನ ಹತ್ತಿರದ ಒಂದು ಹಳ್ಳಿಯಲ್ಲಿ, ಅವ್ವನ ತವರಿನಲ್ಲಿ. ಸಾಲಿ ಕಲಿತದ್ದೂ ಅಲ್ಲೇ. ನಮ್ಮ ಶಾಲೆಯ ಮೈದಾನದಲ್ಲಿ ಹುಲ್ಲು ಬೆಳೆಯುತ್ತಿರಲಿಲ್ಲ, ಪುರುಷರತ್ನ ಬೆಳೆಯುತ್ತಿತ್ತು. ಹುಡುಗಿಯರು ಅದರ ದೊಡ್ಡ ಎಸಳನ್ನು ಕಿತ್ತು ಉಗುಳು ಹಚ್ಚಿ ಉಗುರಿನ ಮೇಲೆ ಅಂಟಿಸಿಕೊಂಡು ಪೇಟೆಯವರಂತೆ ಕೈ ಆಡಿಸುತ್ತಿದ್ದರು. ನಮಗೆ ಅದರ ಕಾಯಿ ಮುಖ್ಯ. ಜೋಳದ ಕಾಳಿಗಿಂತ ತುಸು ದೊಡ್ಡದಾದ ದುಂಡು ಕಾಯಿ. ಒಣಗಿದಾಗ ಮೂರು ಹೋಳಾಗಿ ಬಿರಿದು ಬೀಜವನ್ನು ಸಿಡಿಸುತ್ತದೆ. ಕಾಯಿಗಳನ್ನು ಅಂಗಿಯ ಕಿಸೆಯಲ್ಲಿ ತುಂಬಿಕೊಂಡು ಹೋಗಿ ಗಣಿತದ ತಾಸಿನಲ್ಲಿ ಬೆಂಚಿನ ಮೇಲೆ ಬಿಸಿಲಿಗೆ ಇಡುತ್ತಿದ್ದೆವು. ನಡುನಡುವೆ ಒಂದು ಸಿಡಿದು ಮುಂದಿನವನ ಕುತ್ತಿಗೆಗೆ ಬೀಜ ಬಡಿಯುವುದು. ಅವನು ತಿರುಗಿ ನೋಡುವುದು. ಗುರುಗಳು ಅವನಿಗೆ ಹೊಡೆಯುವುದು. ನಾನು ಭಾಗಾಕಾರ ಕಲಿಯದಿರಲು ಈ ಗಿಡವೂ ಒಂದು ಕಾರಣ.

ಬಿದ್ದ ಬೀಜಗಳನ್ನು ಇರುವೆಗಳು ಹೊತ್ತೊಯ್ಯುತ್ತಿದ್ದವು. ಬೀಜದ ತುದಿಗೆ ಇರುವೆ ತಿನ್ನುವಂಥ ಒಂದು ಚೂರು ಇರುತ್ತದಂತೆ. ಅದನ್ನು ತಿಂದು, ಬೀಜವನ್ನು ಗೂಡಿನ ಹೊರಗೆ ಎಸೆಯುತ್ತವೆ. ಅಲ್ಲಿ ಗಿಡ ಹುಟ್ಟುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಹೊಟ್ಟೆ ಅಡಿಯಾಗಿ ಮಲಗಿ ಇರುವೆಯ ಹಿಂದೆ ಹೋಗುವುದು ಚೆನ್ನಾಗಿರುತ್ತಿತ್ತು, ಹೋಗುತ್ತಿದ್ದೆ.

ಇಷ್ಟು ಬಾಲ್ಯ ಸಾಕು. ಈ ಗಿಡ ನನ್ನ ಬದುಕಿನಲ್ಲಿ ಎರಡನೆಯ ಸಲ ಬಂದ ಬಗೆಯನ್ನು ಹೇಳಬೇಕು. ಅದಕ್ಕೂ ಮುಂಚೆ ಇನ್ನೊಂದು ಮಾತು ಹೇಳಿಬಿಡುತ್ತೇನೆ: ನಮಗೆ ಮಕ್ಕಳಾಗಲಿಲ್ಲ. ಕೊನೆಯಲ್ಲಿ ತೊಟ್ಟಿಲು ಬರಬಹುದೆಂದು ನೀವು ಕಾಯುವುದು ಬೇಡ.

ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ ಧಾರವಾಡದಲ್ಲಿ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದೆವು. ಆಕೆ ಎಲ್ಲ ಪರೀಕ್ಷೆ ಮಾಡಿ ಇಬ್ಬರನ್ನೂ ಕೂಡಿಸಿ ಹೇಳಿದರು: ನನ್ನಲ್ಲಿ ತೊಂದರೆಯಿಲ್ಲ, ಶೈಲಾಳ ಗರ್ಭಕೋಶದಲ್ಲಿ ಹುಟ್ಟಿನಿಂದಲೇ ಒಂದು ಕೊರತೆ ಇದೆ, ಗರ್ಭ ನಿಲ್ಲುವುದಿಲ್ಲ, ಇದು ಯಾರ ತಪ್ಪೂ ಅಲ್ಲ. ಬೈಲಹೊಂಗಲದ ಬಸ್ಸಿನಲ್ಲಿ ಶೈಲಾ ಕಿಟಕಿ ಕಡೆ ಮುಖ ಮಾಡಿ ಕುಳಿತಳು. ನಾನು ಅವಳ ಕೈ ಹಿಡಿದುಕೊಂಡೆ. ಟಿಕೆಟು ಕೇಳಲು ಬಂದ ಕಂಡಕ್ಟರನಿಗೆ ಇನ್ನೊಂದು ಕೈಯಿಂದ ದುಡ್ಡು ತೆಗೆಯಲು ಬಹಳ ಹೊತ್ತು ಹಿಡಿಯಿತು. ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಯಲ್ಲೇ ಇದ್ದಾಳೆ. ಹೆಸರು ನೀಲವ್ವ. ಆಕೆ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: "ಆಕಿ ಊಟಾ ಮಾಡ್ಯಾಳೇನು?"

ಇಷ್ಟಕ್ಕೇ ಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ನನಗೊಬ್ಬ ಸೋದರತ್ತೆ ಇದ್ದಾಳೆ, ಗುರವ್ವತ್ತೆ, ಅಪ್ಪನ ತಂಗಿ. ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬಿನ ಹೊಲದ ನಡುವೆ ಮನೆ. ಅಣ್ಣನ ವಂಶವನ್ನು ಮುಂದುವರಿಸುವ ಹೊಣೆ ತನ್ನದೆಂದು ಆಕೆ ತಿಳಿದಿದ್ದಾಳೆ. ಡಾಕ್ಟರಮ್ಮ ಹೇಳಿದ್ದು ಆಕೆಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಮಕ್ಕಳಾಗದಿದ್ದರೆ ಅದು ಸೊಸೆಯಿಂದ ಎನ್ನುವುದು ಆಕೆಗೆ ಯಾವ ಪರೀಕ್ಷೆಯೂ ಇಲ್ಲದೆ ಗೊತ್ತಿತ್ತು. ನನಗೆ ಇನ್ನೊಂದು ಲಗ್ನ ಮಾಡಬೇಕೆಂದು ಆಕೆ ಬಂದ ಬಂದಲ್ಲಿ ಹೇಳತೊಡಗಿದಳು.

"ಕಾನೂನು ಒಪ್ಪಂಗಿಲ್ಲ ಅತ್ತಿ," ಎಂದೆ.

"ಕಾನೂನು ಬೆಳಗಾವ್ಯಾಗ ಇರತೈತಿ," ಎಂದಳು.

"ನೌಕರಿ ಹೋಗತೈತಿ."

"ಹಂಗಾದ್ರ ಸೋಡಚೀಟಿ ಕೊಟ್ಟ ಮಾಡಕೋ." ಸೋಡಚೀಟಿ ಎಂದರೆ ವಿಚ್ಛೇದನ. ನಮ್ಮ ಕಡೆ ಅದನ್ನು ಬಸ್ಸಿನ ಟಿಕೆಟಿನ ಹಾಗೆ ಹೇಳುತ್ತಾರೆ.

ನಾನು ಒಲ್ಲೆ ಎಂದೆ. ನಮ್ಮಲ್ಲಿ ಗಂಡಸು ಒಲ್ಲೆ ಎಂದರೆ ಇನ್ನೊಮ್ಮೆ ಕೇಳಬೇಕು ಎಂದು ಅರ್ಥ. ಗುರವ್ವತ್ತೆ ಇನ್ನೊಮ್ಮೆ ಕೇಳಿದಳು. ಆಮೇಲೆ ಬೇರೆಯವರೂ ಕೇಳತೊಡಗಿದರು. ಕೇಳುವುದು ನನ್ನನ್ನಾದರೂ ನೋಡುವುದು ಶೈಲಾಳನ್ನು. ಒಂದು ಸಲ ನೆಂಟರ ಮನೆಯಲ್ಲಿ ಬಸುರಿಗೆ ಕುಬಸದ ಕಾರ್ಯ ಇತ್ತು. ಹೆಂಗಸರು ಸಾಲಾಗಿ ಆರತಿ ಮಾಡುತ್ತಿದ್ದರು. ತಟ್ಟೆ ಶೈಲಾಳ ತನಕ ಬಂದು, ಅವಳನ್ನು ದಾಟಿ, ಪಕ್ಕದವಳ ಕೈಗೆ ಹೋಯಿತು. ಅಂದಿನಿಂದ ಅವಳು ಯಾರ ಮನೆಯ ಕಾರ್ಯಕ್ಕೂ ಹೋಗುವುದನ್ನು ಬಿಟ್ಟಳು. ಮತ್ತೊಂದು ದಿನ ಊಟಕ್ಕೆ ಬಡಿಸುತ್ತ, ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳುವಷ್ಟೇ ಸಣ್ಣ ದನಿಯಲ್ಲಿ, "ನೀವು ಮಾಡಕೊಳ್ರಿ. ನಾ ಏನೂ ಅನ್ನಂಗಿಲ್ಲ. ನಮ್ಮಪ್ಪನ ಮನಿಗೆ ಹೋಗಿ ಇರತೇನಿ," ಎಂದಳು.

ಅವಳು ಹೋಗಿಬಿಡುತ್ತಾಳೆ ಎಂದು ಮೊದಲ ಸಲ ಹೆದರಿದೆ. ನಾನು ಕಳಿಸುವವನಲ್ಲ, ಆದರೆ ಈ ಜನರೆಲ್ಲ ಸೇರಿ ಅವಳ ಮನಸ್ಸನ್ನು ಇಷ್ಟಿಷ್ಟೇ ಮನೆಯ ಹೊರಗೆ ಸಾಗಿಸುತ್ತಿದ್ದರು, ಅದನ್ನು ತಡೆಯುವ ದಾರಿ ನನಗೆ ಗೊತ್ತಿರಲಿಲ್ಲ. ಅವ್ವ ಪಡಸಾಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಅವರೆಕಾಯಿ ಸುಲಿದು ಮುಗಿಸಿದಳು.

ಮರುದಿನ ಬೆಳಿಗ್ಗೆ ನನ್ನನ್ನು ಕರೆದಳು.

"ಬಸೂ, ನೀ ಹೊಲಾ ಅಳಿಯಾಕ ಹೋಗೋ ಕಡೆ ಪುರುಷರತ್ನ ಇರತೈತೇನ?"

"ಇರತೈತಿ. ಯಾಕ?"

"ನಿನಗ."

ಅದು ಯಾತಕ್ಕೆ ಕೊಡುವ ಔಷಧ ಎಂದು ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ಉರಿಮೂತ್ರಕ್ಕೆ ಕೊಡುತ್ತಾರೆ, ಬಾಣಂತಿಯರ ಶಕ್ತಿಗೆ ಕೊಡುತ್ತಾರೆ, ಚೇಳು ಕಡಿದರೆ ಅರೆದು ಹಚ್ಚುತ್ತಾರೆ. ಆದರೆ ಮದುವೆಯಾದ ಗಂಡಸು ಪುರುಷರತ್ನ ಹುಡುಕುತ್ತಿದ್ದಾನೆ ಎಂದರೆ ಅವನಿಗೆ ಚೇಳು ಕಡಿದಿದೆ ಎಂದು ಯಾರೂ ತಿಳಿಯುವುದಿಲ್ಲ. ನಾನು ಅವ್ವನನ್ನು ಕೂಡಿಸಿಕೊಂಡು ಡಾಕ್ಟರಮ್ಮ ಹೇಳಿದ್ದನ್ನು ಮತ್ತೊಮ್ಮೆ ಬಿಡಿಸಿ ಹೇಳಿದೆ. ಒಂದು ಚಿತ್ರವನ್ನೂ ಬರೆದೆ. ಆಕೆ ಗಮನವಿಟ್ಟು ಕೇಳಿದಳು, ಚಿತ್ರವನ್ನೂ ನೋಡಿದಳು, "ಇರಲಿ, ನೀ ಕುಡಿ," ಎಂದಳು. ಅವ್ವನಿಗೆ ವಿಷಯ ತಿಳಿಯಲಿಲ್ಲವೆಂದು ನಾನು ತೀರ್ಮಾನಿಸಿದೆ. ನನ್ನನ್ನೂ ನನ್ನ ಇಬ್ಬರು ಅಕ್ಕಂದಿರನ್ನೂ ಹೆತ್ತವಳಿಗೆ ಗರ್ಭಕೋಶದ ಬಗ್ಗೆ ತಿಳಿಯುವುದಿಲ್ಲವೆಂದು ತೀರ್ಮಾನಿಸಿದ ನಾನು ಬಿ.ಎಸ್ಸಿ. ಓದಿದವನು.

ಕುಡಿಯುವುದು ಕಷ್ಟವಾಗಿರಲಿಲ್ಲ. ಇಡೀ ಗಿಡವನ್ನು ಬೇರು ಸಮೇತ ತೊಳೆದು, ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿದ ಪುಡಿ. ರಾತ್ರಿ ಊಟದ ಮೇಲೆ ಬೆಲ್ಲ ಹಾಕಿದ ಹಾಲಿನಲ್ಲಿ ಒಂದು ಚಮಚ. ರುಚಿ ಒಣ ಹುಲ್ಲಿನದು. ಕಷ್ಟವಾಗಿದ್ದು ಅವ್ವ ಅದನ್ನು ಹುಡುಕಿದ ರೀತಿ. ಇಂಥ ಔಷಧವನ್ನು ಜನ ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಾರೆ. ಅವ್ವ ಬೈಲಹೊಂಗಲದ ಬಸ್ ಸ್ಟ್ಯಾಂಡಿನಿಂದ ಶುರು ಮಾಡಿದಳು.

ರಾಮದುರ್ಗದ ಬಸ್ಸು. ಮುಂದಿನ ಸೀಟಿನಲ್ಲಿ ಅವ್ವ, ಪಕ್ಕದಲ್ಲಿ ನಾನು. ಕಂಡಕ್ಟರ್ ಟಿಕೆಟು ಕೊಟ್ಟು ಮುಂದೆ ಹೋಗುವಷ್ಟರಲ್ಲಿ ಅವ್ವ ಅವನನ್ನು ನಿಲ್ಲಿಸಿದಳು.

"ಯಪ್ಪಾ, ನೀ ನಾಕ ಊರು ತಿರಗಾಂವ. ಪುರುಷರತ್ನ ಎಲ್ಲಿ ಛಲೋ ಬೆಳದೈತಿ?"

"ಯಾರಿಗ್ರಿ ಅವ್ವಾರ?"

"ಈ ನನ್ನ ಮಗಗ. ಲಗ್ನಾಗಿ ಭಾಳ ದಿನಾ ಆತು, ಮಕ್ಕಳಿಲ್ಲ. ಸೊಸಿ ಗಟ್ಟಿ ಅದಾಳ, ಏನೂ ತೊಂದರಿಲ್ಲ. ಇವಂದ ಸ್ವಲ್ಪ..."

ಅಷ್ಟಕ್ಕೇ ನಿಲ್ಲಿಸಿದಳು. ಉಳಿದದ್ದನ್ನು ಬಸ್ಸು ತಾನೇ ಪೂರ್ತಿ ಮಾಡಿಕೊಂಡಿತು. ಹಿಂದಿನ ಸೀಟಿನ ಮುದುಕನೊಬ್ಬ ನನ್ನ ಹೆಗಲ ಮೇಲೆ ಕೈಯಿಟ್ಟು, "ಕಾಳಜಿ ಮಾಡಬ್ಯಾಡ ತಮ್ಮಾ," ಎಂದ. ನಾನು ರಾಮದುರ್ಗ ಬರುವ ತನಕ ನನ್ನ ಚಪ್ಪಲಿಗಳನ್ನು ನೋಡಿದೆ.

ಪೇಟೆಯ ಗ್ರಂಥಿಗೆ ಅಂಗಡಿಯಲ್ಲೂ ಇದೇ ಆಯಿತು. ಗ್ರಂಥಿಗೆ ಅಂಗಡಿ ಎಂದರೆ ಪೂಜೆಯ ಸಾಮಾನಿನಿಂದ ಬೇರು-ನಾರಿನ ತನಕ ಎಲ್ಲ ಸಿಗುವ ಅಂಗಡಿ. ಅಂಗಡಿಯವನ ಬಳಿ ಪುರುಷರತ್ನ ಇರಲಿಲ್ಲ. ಕೆಮ್ಮಿನ ಕಷಾಯಕ್ಕೆ ಹಾಕುವ ಬನಫ್ಶಾ ಇತ್ತು. ಕಾಶ್ಮೀರದ ಕಡೆಯಿಂದ ಬರುವ ಒಣ ಹೂವು. ಅದೂ ಇದೇ ವಯೊಲೆಟ್ ಕುಟುಂಬದ್ದು ಎಂದು ಶೈಲಾ ಹೇಳಿದ್ದು ನೆನಪಾಗಿ, ಮಾತು ಬೇರೆ ಕಡೆ ಹೊರಳಲಿ ಎಂಬ ಆಸೆಯಿಂದ, ಅದನ್ನೇ ಕೊಂಡುಕೊಳ್ಳೋಣ ಎಂದೆ. "ನಿನಗೇನ ಕೆಮ್ಮ ಐತೇನ?" ಎಂದಳು ಅವ್ವ. ಅಂಗಡಿಯಲ್ಲಿದ್ದವರೆಲ್ಲ ನನಗೆ ಕೆಮ್ಮಿಲ್ಲವೆಂಬುದನ್ನು ಮನಸ್ಸಿಗೆ ತಂದುಕೊಂಡರು.

ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು, ನಾಲ್ಕೂ ತಾಲೂಕಿಗೆ ಸುದ್ದಿ ಹರಡಲು ಹೆಚ್ಚು ಕಾಲ ಬೇಕಾಗಲಿಲ್ಲ. ಸರ್ವೆಯವನನ್ನು ಜನ ಮೊದಲೇ ಬಹಳ ಗಮನಿಸುತ್ತಾರೆ. ಎಂ.ಕೆ. ಹುಬ್ಬಳ್ಳಿಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನಿಂತಿದ್ದಾಗ ನಾನು ಬೈಕಿನಲ್ಲಿ ಹಾದುಹೋದರೆ ಮೇಲಿನಿಂದ ಯಾರಾದರೂ, "ಸಾಹೇಬ್ರ, ಸಿಕ್ತೇನ್ರಿ?" ಎಂದು ಕೂಗುತ್ತಿದ್ದರು. ಕಿತ್ತೂರಿನ ಹತ್ತಿರ ಒಂದು ಬದುವಿಗಾಗಿ ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರ ಹೊಲ ಅಳೆಯಲು ಹೋದೆ. ಇಬ್ಬರೂ ಬೇರೆ ಬೇರೆಯಾಗಿ ಅಗೆದು, ಒಂದೇ ಚೀಲದಲ್ಲಿ ತುಂಬಿ, ಚೀಲದ ಒಂದೊಂದು ಕಿವಿ ಹಿಡಿದುಕೊಂಡು ಬಂದರು. "ಮೊದಲ ಇದನ್ನ ಇಟಗೊಳ್ರಿ ಸಾಹೇಬ್ರ. ಹೊಲ ಎಲ್ಲಿ ಹೊಕ್ಕೈತಿ, ಆಮ್ಯಾಲ ಅಳೀರಿ," ಎಂದ ಅಣ್ಣ. ತಮ್ಮ ಹೌದೆಂದು ತಲೆಯಾಡಿಸಿದ. ಕೋರ್ಟಿನಿಂದ ಆಗದ್ದು ನನ್ನ ಕಷ್ಟದಿಂದ ಆಯಿತು.

ಇಷ್ಟೆಲ್ಲ ಗಿಡ ಬಂದರೂ ಅವ್ವನಿಗೆ ತೃಪ್ತಿಯಿಲ್ಲ. ಕರೆದು ತಂದ ಗಿಡ ಬೇಕು ಎಂದಳು. ಮೂಲಿಕೆಗಳನ್ನು ಸುಮ್ಮನೆ ಹೋಗಿ ಕೀಳಬಾರದಂತೆ. ಹಿಂದಿನ ದಿನ ಸಂಜೆ ಹೋಗಿ, ಅರಿಷಿಣ-ಕುಂಕುಮ ಏರಿಸಿ, ನಾಲ್ಕು ಅಕ್ಕಿಕಾಳು ಹಾಕಿ, ಅರಿಷಿಣದ ದಾರ ಕಟ್ಟಿ, ನಾಳೆ ಬರುತ್ತೇವೆ, ನಮ್ಮ ಮನೆಗೆ ಬಾ ಎಂದು ಆಮಂತ್ರಣ ಕೊಡಬೇಕು. ಮರುದಿನ ಸೂರ್ಯ ಹುಟ್ಟುವ ಮೊದಲು ಮಾತಾಡದೆ ಹೋಗಿ ಅಗೆದು ತರಬೇಕು. ನಮ್ಮಲ್ಲಿ ಹಳಬರು ಈಗಲೂ ಹೀಗೆ ಮಾಡುವುದುಂಟು. ಅವ್ವ ಇದಕ್ಕಾಗಿ ತವರಿಗೇ ಹೋಗಬೇಕೆಂದಳು. ಹೋದೆವು.

ತೊರಗಲ್ಲಿನ ಗುಡ್ಡದ ಇಳಿಜಾರಿನಲ್ಲಿ ಗಿಡ ಹುಡುಕುವಷ್ಟರಲ್ಲಿ ಹೊತ್ತು ಮುಳುಗಿತ್ತು. ಮೊಬೈಲಿನ ಬೆಳಕು ಹಾಕಹೋದೆ. ಆಮಂತ್ರಣ ಕೊಡುವಾಗ ದೀಪ ತೋರಿಸಬಾರದು ಎಂದಳು ಅವ್ವ. ಆಕೆಗೆ ಕಣ್ಣಿನ ಪೊರೆ ಆಗಷ್ಟೇ ಬರುತ್ತಿತ್ತು. ಬಗ್ಗಿ, ಕೈಯಾಡಿಸಿ, ದಾರ ಕಟ್ಟಿದಳು. ಬಹಳ ಮರ್ಯಾದೆಯಿಂದ ಮಾತಾಡಿದಳು: "ನಾಳೆ ಬರತೇವಿ. ನಮ್ಮ ಮನಿಗೆ ಬರಬೇಕು."

ಮರುದಿನ ನಸುಕಿನಲ್ಲಿ ಹೋದಾಗ ದಾರ ಇದ್ದದ್ದು ಪುರುಷರತ್ನದ ಮೇಲಲ್ಲ. ಅದರ ಪಕ್ಕದಲ್ಲಿ ಎಳೆಯ ಪಾರ್ಥೇನಿಯಂ ಗಿಡವೊಂದು ಇತ್ತು. ಕಂಡಲ್ಲಿ ಕಿತ್ತೊಗೆಯಿರಿ ಎಂದು ಸರಕಾರವೇ ಗೋಡೆಗಳ ಮೇಲೆ ಬರೆಸುವ ಆ ಕಸ. ಅರಿಷಿಣದ ದಾರ ಕಟ್ಟಿಕೊಂಡು, ಕುಂಕುಮ ಹಚ್ಚಿಕೊಂಡು, ಹೊರಡಲು ತಯಾರಾಗಿ ನಿಂತಿತ್ತು. ಪುರುಷರತ್ನ ಅದರ ಹಿಂದೆ, ಯಾರೂ ಕರೆಯದೆ.

"ಇದನ್ನ ಬಿಟ್ಟು ಅದನ್ನ ತಗೊಂಡ ಹೋಗೂಣು," ಎಂದೆ. ಮಾತಾಡಬಾರದೆಂಬುದು ಮರೆತುಹೋಗಿತ್ತು.

ಅವ್ವ ಬಹಳ ಹೊತ್ತು ಆ ಗಿಡವನ್ನು ನೋಡಿದಳು. "ಕರದೀನಿ," ಎಂದಳು. "ಕರದ ಬಿಟ್ಟ ಹ್ವಾದ್ರ ಮರ್ಯಾದಿ ಅಲ್ಲ. ಅಗಿ."

ಅಗೆದೆ. ಪಾರ್ಥೇನಿಯಂ ಅನ್ನು ಮಣ್ಣು ಸಮೇತ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಅದೇ ಕಂಡಕ್ಟರ್. ಬಗ್ಗಿ ನೋಡಿ, "ಇದ ಏನ್ರಿ ಆ ಔಷಧ?" ಎಂದ.

"ಔಷಧ ಅಲ್ಲಪಾ," ಎಂದಳು ಅವ್ವ. "ಇದು ಪಾವಣೇರು."

ಪಾವಣೇರೆಂದರೆ ಮನೆಗೆ ಬಂದ ನೆಂಟರು. ನೆಂಟರಿಗೆ ಮಾಳಿಗೆಯ ಮೇಲೆ ಒಂದು ಕುಂಡ ಕೊಟ್ಟೆವು. ಅದರ ಸಹವಾಸದಿಂದ ನನಗೆ ಸೀನು ಶುರುವಾಯಿತು. ಶೈಲಾ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಅದರ ಮೊಗ್ಗನ್ನು ಬಂದ ಬಂದಂತೆ ಚಿವುಟುತ್ತಿದ್ದಳು, ಬೀಜವಾಗಿ ಓಣಿಗೆಲ್ಲ ಹಬ್ಬದಿರಲಿ ಎಂದು. ಪಾರ್ಥೇನಿಯಂ ಗಿಡಕ್ಕೆ ಹೊತ್ತು ಹೊತ್ತಿಗೆ ನೀರು ಹಾಕಿದ ಮನೆ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು. ಬಂದವರು ಗೌರವವಾಗಿ ಕೆಲವು ತಿಂಗಳು ಇದ್ದು, ಒಣಗಿದರು.

ಈ ಅಲೆದಾಟ ತಪ್ಪಲಿ ಎಂದು ನಾನೇ ಪುರುಷರತ್ನವನ್ನು ಬೆಳೆಯಲು ಹೊರಟೆ. ಕೃಷಿಯ ವಿಷಯ ಕೇಳಿ. ಮೊದಲ ಸಲ ಬೈಲಹೊಂಗಲದ ಎರೆಮಣ್ಣು ತಂದು ಕುಂಡಕ್ಕೆ ತುಂಬಿ ಗಿಡ ನೆಟ್ಟೆ. ಹತ್ತಿ, ಜೋಳ, ಕಡಲೆ ಎಲ್ಲವೂ ಬರುವ ಮಣ್ಣು. ಪುರುಷರತ್ನ ನೀರು ಹಿಡಿದುಕೊಳ್ಳುವ ಮಣ್ಣಿನಲ್ಲಿ ನಿಲ್ಲುವುದಿಲ್ಲ, ಕೊಳೆತುಹೋಯಿತು. ಎರಡನೆಯ ಸಲ ಸವದತ್ತಿಯಿಂದ ಗರಸು ತಂದು ಹೊಸ ಬೀಜ ಹಾಕಿದೆ. ಏಳಲಿಲ್ಲ. ಹೊಸ ಬೀಜ ಕೆಲವು ತಿಂಗಳು ಮಲಗಿರುತ್ತದೆ, ಕಾಯಬೇಕು ಎಂದಳು ಶೈಲಾ. ನಾನು ಕಾದೆ, ಆದರೆ ನಡುನಡುವೆ ಕೆದರಿ ನೋಡುತ್ತಿದ್ದೆ. ಮಲಗಿದವರನ್ನು ಹೀಗೆ ಎಬ್ಬಿಸಿದರೆ ಯಾರೂ ಏಳುವುದಿಲ್ಲ. ಮೂರನೆಯ ಸಲ ಇರುವೆಗಳು ಬಂದು ಕುಂಡದಲ್ಲಿದ್ದ ಬೀಜವನ್ನೆಲ್ಲ ಹೊತ್ತುಕೊಂಡು ಹೋದವು. ಗೊಬ್ಬರ, ನೀರು, ನೆರಳು ಎಲ್ಲವನ್ನೂ ಕೈಬಿಟ್ಟೆ. ಮುಂದಿನ ಮಳೆಗೆ ನಮ್ಮ ಕಾಂಪೌಂಡಿನ ಗೋಡೆಯ ಬುಡದಲ್ಲಿ, ಬೈಕು ನಿಲ್ಲಿಸುವ ಜಾಗದ ಜಲ್ಲಿಯಲ್ಲಿ, ಸಾಲಾಗಿ ಪುರುಷರತ್ನ ಎದ್ದಿತು. ಇರುವೆಗಳು ಕೃಷಿ ಮಾಡಿದ್ದವು. ಈ ಗಿಡವನ್ನು ಬೆಳೆಯಬೇಕೆನ್ನುವವರಿಗೆ ನನ್ನ ಸಲಹೆ ಇಷ್ಟೇ: ಬೀಜ ತಂದಿಡಿ, ಆಮೇಲೆ ಮನೆಯೊಳಗೆ ಹೋಗಿ.

ಮನೆಯಲ್ಲೇ ಬೆಳೆದ ಮೇಲೂ ಅವ್ವ ಊರೂರಲ್ಲಿ ಕೇಳುವುದನ್ನು ನಿಲ್ಲಿಸಲಿಲ್ಲ. ಇದಕ್ಕೆ ನನಗೆ ನಿಜಕ್ಕೂ ಸಿಟ್ಟು ಬರುತ್ತಿತ್ತು. ಚಹಾದಂಗಡಿಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಕಚೇರಿಯಲ್ಲಿ ನಿವೃತ್ತಿಗೆ ಬಂದ ಹಿರಿಯರೊಬ್ಬರು ನನ್ನನ್ನು ಮೂಲೆಗೆ ಕರೆದು, ತಮಗೂ ಸ್ವಲ್ಪ ಪುಡಿ ಸಿಗಬಹುದೇ ಎಂದು ಕೇಳಿದರು. ಸಂಜೆ ಮನೆಗೆ ಬಂದರೆ ಅಡಿಗೆಮನೆಯಲ್ಲಿ ಅವ್ವ, ಶೈಲಾ ಇಬ್ಬರೂ ಪುಡಿ ಕುಟ್ಟುತ್ತ ನಗುತ್ತಿರುತ್ತಿದ್ದರು. ನಾನು ಒಳಗೆ ಕಾಲಿಟ್ಟರೆ ನಗು ನಿಲ್ಲಿಸಿ ಕುಟ್ಟುತ್ತಿದ್ದರು.

ಒಂದು ಒಳ್ಳೆಯದಾಗಿತ್ತು. ಶೈಲಾ ಮತ್ತೆ ಜನರ ನಡುವೆ ಹೋಗತೊಡಗಿದ್ದಳು. ಹೆಂಗಸರು ಈಗ ಅವಳ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಿದ್ದರು. ಉಡಿ ತುಂಬುವಾಗ ಅವಳಿಗೆ ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದರು. ಒಂದು ಮದುವೆಮನೆಯಲ್ಲಿ ಯಾರೋ, "ಪಾಪ, ಬಂಗಾರದಂಥಾ ಹುಡಿಗಿ. ಗಂಡನ ಕಾಲಾಗ ಹಿಂಗಾತು," ಎಂದದ್ದು ಗಂಡಸರ ಪಂಕ್ತಿಯಲ್ಲಿದ್ದ ನನಗೂ ಕೇಳಿಸಿತು. ಆರತಿ ತಟ್ಟೆ ಅವಳ ಕೈಗೆ ಬಂತು. ಅವಳು ತಲೆಯೆತ್ತಿಕೊಂಡು ಆರತಿ ಮಾಡಿದಳು. ನನಗೆ ಸಂತೋಷವಾಯಿತು. ಜನ ಒಳ್ಳೆಯವರಾಗಿದ್ದಾರೆ ಎಂದುಕೊಂಡೆ.

ಕಳೆದ ವರ್ಷ ಶ್ರಾವಣ ಮುಗಿದ ಮೇಲೆ ಒಂದು ಮಧ್ಯಾಹ್ನ ಗುರವ್ವತ್ತೆ ಬಂದಳು. ಚಪ್ಪಲಿ ಬಿಡುವ ಮೊದಲೇ ಅವ್ವನ ಮೇಲೆ ಶುರು ಮಾಡಿದಳು.

"ವೈನಿ, ನನ್ನ ಮಾನಾ ಕಳದ್ರಿ ನೀವು."

"ಏನಾತು ಗುರವ್ವಾ? ಕುಂದ್ರು. ನೀರು ಕುಡಿ."

"ಕಿತ್ತೂರ ಕಡೆ ಇವಗ ಒಂದು ಮನಿ ನೋಡಿದ್ನಿ. ಬಡವರು, ಛಲೋ ಜನಾ. ಎರಡನೇ ಸಂಬಂಧ ಅಂದ್ರೂ ಹೂಂ ಅಂದಿದ್ರು. ಹೆಸರು ಹೇಳಿದ ಕೂಡ್ಲೇ, 'ಅಂವಾ ಆ ಪುರುಷರತ್ನದ ಸರ್ವೇ ಸಾಹೇಬ ಅಲ್ಲೇನು?' ಅಂದ್ರು. ಚಾ ಸೈತ ಕೊಡಲಿಲ್ಲ. ರಾಮದುರ್ಗಕ್ಕ ಹ್ವಾದ್ರ ಅಲ್ಲೂ ಅದ ಮಾತು. ಸವದತ್ತ್ಯಾಗ ಒಬ್ಬಾಕಿ ನನಗ ಬುದ್ಧಿ ಹೇಳತಾಳ, 'ಅಂಥಾವಗ ಹೆಣ್ಣ ಕೊಟ್ಟ ಹುಡಿಗಿ ಬಾಳೇ ಹಾಳ ಮಾಡೂದೇನ್ರಿ,' ಅಂತ. ನಾಕ ತಾಲೂಕಿನ್ಯಾಗ ಇವಗ ಒಂದ ಹೆಣ್ಣ ಸಿಗಂಗಿಲ್ಲ. ಇಷ್ಟ ಡಂಗುರಾ ಹೊಡಿಯೂದೇನಿತ್ರಿ ವೈನಿ?"

ಅವ್ವ ಅಡಕೆ ಕತ್ತರಿಸುತ್ತಿದ್ದಳು. "ಹೌದೇನ? ಒಬ್ಬರೂ ಕೊಡಂಗಿಲ್ಲೇನ?" ಎಂದು ಕೇಳಿದಳು.

"ಒಬ್ಬರೂ ಕೊಡಂಗಿಲ್ಲ."

"ಮತ್ತೇನ ಮಾಡೂದು ಗುರವ್ವಾ," ಎಂದಳು ಅವ್ವ. "ಸಿಗಂಗಿಲ್ಲಂದ್ರ ಇದ್ದಾಕಿನ್ನ ಇಟಗೊಳ್ಳಬೇಕು."

ಗುರವ್ವತ್ತೆ ಊಟ ಮಾಡಿ, ಅತ್ತು, ಸಂಜೆಯ ಬಸ್ಸಿಗೆ ಹೋದಳು. ನಾನು ಆಕೆಯನ್ನು ಹತ್ತಿಸಿ ಬಂದು ಪಡಸಾಲೆಯಲ್ಲಿ ಕುಳಿತೆ. ನನಗೆ ವಿಷಯಗಳು ತಡವಾಗಿ ತಿಳಿಯುತ್ತವೆ, ಆದರೆ ತಿಳಿಯುತ್ತವೆ.

"ಅವ್ವಾ, ಡಾಕ್ಟರಮ್ಮ ಹೇಳಿದ್ದು ನಿನಗ ಅವತ್ತ ತಿಳದಿತ್ತೇನ?"

"ತಿಳೀದ ಏನ. ಚಿತ್ರ ಬ್ಯಾರೆ ತಗದ ತೋರಿಸಿದ್ದಿ."

"ಮತ್ತ ಈ ಔಷಧ?"

"ಅದು ನಿನಗ ಅಲ್ಲಪಾ," ಎಂದಳು. "ಊರಿಗೆ. ಔಷಧ ತಗೊಳ್ಳೋ ಗಂಡಿಗೆ ಹೆಣ್ಣ ಯಾರ ಕೊಡತಾರ?"

ಶೈಲಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದ ಕೂಡಲೇ ಗೊತ್ತಾಯಿತು. "ನಿನಗೂ ಗೊತ್ತಿತ್ತು," ಎಂದೆ.

"ಮೊದಲನೇ ದಿನಾನ ಹೇಳಿದ್ರು ಅತ್ತಿ. ನಾನು ಗಂಟು ಕಟ್ಟಾಕ ಹತ್ತಿದ್ನಿ, ಬಂದು ಕೈ ಹಿಡದು ಹೇಳಿದ್ರು."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಬಸ್ಸಿನ್ಯಾಗ ನಕ್ಕಬಿಡತಿದ್ರಿ," ಎಂದಳು ಶೈಲಾ. "ನಿಮ್ಮ ಮಾರಿ ನೋಡೇ ಊರು ನಂಬಿದ್ದು ರೀ."

ನನ್ನ ಮಾರಿ ನಾಲ್ಕು ತಾಲೂಕಿನಲ್ಲಿ ಇಷ್ಟು ಕೆಲಸ ಮಾಡಿದೆಯೆಂದು ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಏನಾದರೂ ಹೇಳಬೇಕೆನ್ನಿಸಿತು. ಒಬ್ಬನೇ ಮಗನ ಹೆಸರನ್ನು ಬಸ್ಸು ಬಸ್ಸಿನಲ್ಲಿ ತಾನೇ ಕೈಯಾರೆ ಕಳೆಯುವಾಗ ಆಕೆಗೆ ಏನನ್ನಿಸಿತ್ತೋ. ಆಕೆ ಅಡಕೆಯ ಚೂರುಗಳನ್ನು ಒಟ್ಟು ಮಾಡಿ ಸಂಚಿಗೆ ಹಾಕಿಕೊಂಡಳು. ಅಷ್ಟರಲ್ಲಿ ಶೈಲಾ ಎಂದಿನಂತೆ ಹಾಲು ತಂದಳು, ಪುಡಿ ಹಾಕಿದ್ದು.

"ಹಂಗಾದ್ರ ಇನ್ನ ಇದು ಬ್ಯಾಡಲ್ಲ?" ಎಂದೆ.

ಅವ್ವ ನನ್ನನ್ನೂ ಶೈಲಾಳನ್ನೂ ಒಮ್ಮೆ ನೋಡಿದಳು. "ಗುರವ್ವ ಇನ್ನೂ ಗಟ್ಟಿ ಅದಾಳ," ಎಂದಳು. "ಧಾರವಾಡದ ಕಡೆ ಇನ್ನೂ ಕೇಳಿಲ್ಲ. ಕುಡಿ."

ಕುಡಿದೆ.